ಮರೆವಿನ ಮದ್ದು ಮೆಡಿಕಲ್ ಶಾಪಿನಲ್ಲಿದೆಯೇ? ಮಿದುಳಿನ ಸುದ್ದಿಗಳೂ ನಮ್ಮ ಮೂರು ಜಿಲ್ಲೆಗಳೂ

ಮಿದುಳಿನ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ವಯಸ್ಸಾದವರನ್ನು ಕಾಡುವ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾದ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಹೇಳಿತು. ಮರುವರ್ಷ, ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆಗೆ ಕೊಡುವ ಡೊನಾನೆಮ್ಯಾಬ್ ಎಂಬ ಇಂಜೆಕ್ಷನ್‌ಗೆ ಭಾರತದಲ್ಲೂ ಅನುಮತಿ ಸಿಕ್ಕಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳ ಮಾತು ಶುರುವಾಯಿತು. ಇತ್ತ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಜ್ಞಾಪಕಶಕ್ತಿ ಟಾನಿಕ್, ಮಿದುಳು ಚುರುಕು ಮಾಡುವ ಆ್ಯಪ್‌ಗಳ ಜಾಹೀರಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ.

ತಡೆಯಬಹುದಾದರೆ ಇಂಜೆಕ್ಷನ್ ಯಾಕೆ? ಇಂಜೆಕ್ಷನ್ ಇದ್ದರೆ ಕ್ಲಿನಿಕ್ಕಿನಲ್ಲಿ ಯಾಕೆ ಕೊಡುವುದಿಲ್ಲ? ಎರಡೂ ಇಲ್ಲದಿದ್ದರೆ ಟಾನಿಕ್ಕಾದರೂ ಕುಡಿಯಬಹುದೇ? ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಲ್ಲಿ ಕೂತು ನೋಡಿದರೆ ಈ ಪ್ರಶ್ನೆಗಳಿಗೆ ಬೆಂಗಳೂರಿನಲ್ಲಿ ಸಿಗುವುದಕ್ಕಿಂತ ಬೇರೆಯದೇ ಉತ್ತರ ಬರುತ್ತದೆ. ಇಲ್ಲಿ ಮಿದುಳಿಗೆ ಹೆಚ್ಚು ಪ್ರಯೋಜನ ತರುವ ವಸ್ತುಗಳು ಹಳೆಯವು, ಅಗ್ಗದವು. ಬಹುಮಟ್ಟಿಗೆ ಸರ್ಕಾರದ ಕೈಯಲ್ಲಿರುವವು. ಸುದ್ದಿಯಾಗುವಷ್ಟು ಹೊಸತನ ಅವಕ್ಕಿಲ್ಲ, ಅಷ್ಟೆ.

ಮೊದಲು, ಯಾವ ಮರೆವು?

ಓದಿದ್ದು ಪರೀಕ್ಷೆಯಲ್ಲಿ ನೆನಪಾಗದಿರುವುದು ಒಂದು ಮರೆವು. ಐವತ್ತು ದಾಟಿದವರಿಗೆ ಪರಿಚಿತರ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು ಇನ್ನೊಂದು. ಇವೆರಡೂ ಕಾಯಿಲೆಯಲ್ಲ. ರಾಯಚೂರಿನ ತೀನ್ ಕಂದೀಲ್ ಬಳಿ ಮೂವತ್ತು ವರ್ಷ ಅಂಗಡಿ ನಡೆಸಿದವರು ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕಿದರೆ ಗಾಬರಿ ಬೇಡ. ಅದೇ ಅಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿದರೆ, ದಿನವೂ ಕೊಡುವ ಚಿಲ್ಲರೆಯ ಲೆಕ್ಕ ಕೈತಪ್ಪತೊಡಗಿದರೆ, ಬೆಳಿಗ್ಗೆ ಹೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಹೊಸದಾಗಿ ಹೇಳಿದರೆ ಅದು ಮೂರನೆಯ ಬಗೆ. ದಿನದ ಬದುಕಿಗೆ ತೊಡಕಾಗುವಷ್ಟು ನೆನಪು, ಮಾತು, ತೀರ್ಮಾನಶಕ್ತಿ ಕುಂದುವುದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಕಾರಣ ಹಲವು. ಆಲ್‌ಝೈಮರ್ ಅವುಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು, ಅದರ ನಂತರದ್ದು ರಕ್ತನಾಳಗಳ ಹಾನಿ.

ಹೊಸ ನೆನಪು ಕಟ್ಟುವ ಕೆಲಸದಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಪಾತ್ರ ದೊಡ್ಡದು. ಇದು ಗೊತ್ತಾದದ್ದೇ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನನಿಂದ. ಫಿಟ್ಸ್ ನಿಲ್ಲಿಸಲೆಂದು 1953ರಲ್ಲಿ ಆತನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. 2008ರಲ್ಲಿ ತೀರಿಕೊಳ್ಳುವ ತನಕ ಆತ ಹೊಸ ಮುಖ, ಹೊಸ ಘಟನೆ ನೆನಪಿಟ್ಟುಕೊಳ್ಳಲಾಗದೆ ಬದುಕಿದ. ಹಳೆಯ ನೆನಪುಗಳಲ್ಲಿ ಬಹಳಷ್ಟು ಉಳಿದಿದ್ದವು. ಆಲ್‌ಝೈಮರ್ ಆರಂಭದಲ್ಲೇ ಪೆಟ್ಟು ಕೊಡುವುದು ಇದೇ ಜಾಗಕ್ಕೆ. ಅಜ್ಜಿಗೆ ಮದುವೆ ದಿನದ ಊಟ ನೆನಪಿದ್ದು, ಮಧ್ಯಾಹ್ನದ ಊಟ ಮರೆತುಹೋಗುವುದು ಅದಕ್ಕೇ.

‘ಅರವತ್ತಕ್ಕೆ ಅರಳು ಮರಳು’ ಎಂದು ಬಿಟ್ಟುಬಿಡುವುದರಿಂದ ಆಗುವ ನಷ್ಟ ಬೇರೆಯೇ. ಕೆಲವು ಮರೆವು ವಾಸಿಯಾಗುವಂಥವು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ನಿಧಾನಕ್ಕೆ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಡಿಮೆನ್ಷಿಯಾದ ವೇಷ ಹಾಕಿ ಬರುತ್ತವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯಬಹುದು. ಮಾಂಸ, ಮೊಟ್ಟೆ ಮುಟ್ಟದವರಾದರೆ ಇನ್ನೂ ಬೇಗ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಇನ್ನೊಂದು ತಾಪತ್ರಯವಿದೆ. ನೀರು ಕಡಿಮೆ ಕುಡಿದ ಹಿರಿಯರು, ಅದರಲ್ಲೂ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತಗೊಳ್ಳುವವರು, ಒಂದೆರಡು ದಿನದಲ್ಲೇ ಬಡಬಡಿಸತೊಡಗುತ್ತಾರೆ, ಮನೆಯವರ ಗುರುತು ತಪ್ಪುತ್ತದೆ. ಡಿಮೆನ್ಷಿಯಾ ಹಾಗೆ ದಿಢೀರನೆ ಬರುವುದಿಲ್ಲ. ಹೀಗೆ ಏಕಾಏಕಿ ಮಂಕಾಗುವುದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, ಚಿಕಿತ್ಸೆ ಸಿಕ್ಕರೆ ಬಹಳಷ್ಟು ಜನ ಮೊದಲಿನಂತಾಗುತ್ತಾರೆ.

ಶೇ 45ರ ಲೆಕ್ಕ

ಆಯೋಗದ ವರದಿಯ ಈ ಸಂಖ್ಯೆಯನ್ನು ಜನ ಅರ್ಥ ಮಾಡಿಕೊಂಡದ್ದು ಹೀಗೆ: ‘ಜೀವನಶೈಲಿ ಸರಿಮಾಡಿಕೊಂಡರೆ ನನಗೆ ಮರೆವು ಬರುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ.’ ವರದಿ ಹೇಳಿದ್ದು ಅದಲ್ಲ. ಇಡೀ ಸಮಾಜದಲ್ಲಿ ಡಿಮೆನ್ಷಿಯಾ ಬಂದ ನೂರು ಜನರನ್ನು ತೆಗೆದುಕೊಳ್ಳಿ. ಪಟ್ಟಿ ಮಾಡಿದ 14 ಅಪಾಯಕಾರಿ ಅಂಶಗಳು ಯಾರಲ್ಲೂ, ಎಂದೂ ಇರದೇ ಇದ್ದಿದ್ದರೆ ಆ ನೂರರಲ್ಲಿ 45 ಜನರಿಗೆ ಕಾಯಿಲೆ ಬರುತ್ತಿರಲಿಲ್ಲ ಅಥವಾ ತಡವಾಗಿ ಬರುತ್ತಿತ್ತು ಎಂಬುದು ಲೆಕ್ಕ. ಯಾವ 45 ಜನ ಎಂದು ಬೊಟ್ಟು ಮಾಡಿ ತೋರಿಸಲಾಗದು. ಉಳಿದ 55 ಪ್ರಕರಣಗಳ ಹಿಂದೆ ವಯಸ್ಸು, ವಂಶವಾಹಿ, ಇನ್ನೂ ತಿಳಿಯದ ಕಾರಣಗಳಿವೆ. ವ್ಯಾಯಾಮ ಮಾಡಿ, ಮಿತವಾಗಿ ಉಂಡು ಬದುಕಿದವರಿಗೂ ಆಲ್‌ಝೈಮರ್ ಬರುತ್ತದೆ. ಅವರು ಏನೋ ತಪ್ಪು ಮಾಡಿದ್ದರು ಎಂದು ಮಾತಾಡಿಕೊಳ್ಳುವುದು ಅನ್ಯಾಯ.

ಆ ಹದಿನಾಲ್ಕರಲ್ಲಿ ದೊಡ್ಡ ಪಾಲು ಎರಡರದ್ದು: ನಡುವಯಸ್ಸಿನಲ್ಲಿ ಕಿವಿ ಮಂದವಾಗುವುದು, ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲ್ ಏರುವುದು. ತಲಾ ಶೇ 7. ಕಡಿಮೆ ಶಾಲಾ ಶಿಕ್ಷಣ ಮತ್ತು ಇಳಿವಯಸ್ಸಿನ ಒಂಟಿತನ ತಲಾ ಶೇ 5. ಖಿನ್ನತೆ, ತಲೆಗೆ ಪೆಟ್ಟು, ವಾಯುಮಾಲಿನ್ಯ ತಲಾ ಶೇ 3. ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ದೇಹಶ್ರಮವಿಲ್ಲದಿರುವುದು, ಚಿಕಿತ್ಸೆ ಕಾಣದ ಕಣ್ಣಿನ ದೋಷ ತಲಾ ಶೇ 2. ಬೊಜ್ಜು ಮತ್ತು ಅತಿಯಾದ ಮದ್ಯ ತಲಾ ಶೇ 1. ನಿದ್ರೆ ಪಟ್ಟಿಯಲ್ಲಿಲ್ಲ. ಅದಕ್ಕೆ ಸಾಕಷ್ಟು ಗಟ್ಟಿ ಪುರಾವೆ ಸಿಕ್ಕಿಲ್ಲ ಎಂಬುದು ಆಯೋಗದ ನಿಲುವು.

ಇದು ಜಗತ್ತಿನ ಒಟ್ಟು ಲೆಕ್ಕ. ಭಾರತದ್ದು ಬೇರೆ ಇರಬಹುದು. ಆಗ ಒಪ್ಪಿಕೊಂಡಿದ್ದ ಒಂಬತ್ತು ಅಂಶಗಳನ್ನಷ್ಟೇ ಹಿಡಿದು 2019ರಲ್ಲಿ ಮಾಡಿದ ಲೆಕ್ಕದಲ್ಲೇ ಭಾರತದ ಪಾಲು ಸುಮಾರು ಶೇ 41 ಬಂದಿತ್ತು. ಇಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಮರೆವು ಪಟ್ಟಣದ ಟೆನ್ಷನ್ನಿನ ಕಾಯಿಲೆ ಎಂಬ ನಂಬಿಕೆಗೆ ಇದು ನೇರ ವಿರುದ್ಧ.

ಆಯೋಗದ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಅವರ ವಾದ ತಳ್ಳಿಹಾಕುವಂಥದ್ದಲ್ಲ. ಆಲ್‌ಝೈಮರ್‌ನ ಬದಲಾವಣೆ ಮಿದುಳಿನಲ್ಲಿ ಶುರುವಾಗುವುದು ಲಕ್ಷಣ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲು. ಹಾಗಿರುವಾಗ ಖಿನ್ನತೆಯಿಂದ ಮರೆವು ಬಂತೋ, ಒಳಗೇ ಶುರುವಾದ ಕಾಯಿಲೆಯಿಂದ ಖಿನ್ನತೆ ಬಂತೋ? ಒಂಟಿಯಾದದ್ದರಿಂದ ಮಿದುಳು ಸೊರಗಿತೋ, ಮಿದುಳು ಸೊರಗಿದ್ದರಿಂದ ಮನುಷ್ಯ ಮಾತು ಬಿಟ್ಟನೋ? ಜೊತೆಜೊತೆಗೆ ಕಂಡದ್ದೆಲ್ಲ ಕಾರಣವಾಗಬೇಕಿಲ್ಲ. ಇದನ್ನು ಬಗೆಹರಿಸುವ ದಾರಿ ಒಂದೇ. ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಕಾದು ನೋಡುವುದು. ಆ ಪರೀಕ್ಷೆಯಲ್ಲಿ ಈವರೆಗೆ ಚೆನ್ನಾಗಿ ನಿಂತದ್ದು ಬಿ.ಪಿ.

ಬಿ.ಪಿ.: ಪಾಲು ಚಿಕ್ಕದು, ಪುರಾವೆ ಗಟ್ಟಿ

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು, ಆದರೆ ಶಕ್ತಿಯಲ್ಲಿ ಅದು ಬಳಸುವುದು ಶೇ 20ರಷ್ಟನ್ನು. ಆ ಶಕ್ತಿ ತಲುಪುವುದು ಕೂದಲಿಗಿಂತ ತೆಳುವಾದ ರಕ್ತನಾಳಗಳ ಮೂಲಕ. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಮೇಲೆ ಏನೇ ಹೆಚ್ಚುಕಡಿಮೆಯಾದರೂ ಒಣಗುವುದು ಕೊನೆ ಭಾಗದ ಹೊಲ. ವರ್ಷಗಟ್ಟಲೆ ಒತ್ತಡ ಏರಿದ್ದರೆ ಮಿದುಳಿನ ಆಳದಲ್ಲಿರುವ ಆ ಕೊನೆಯ ನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗುತ್ತದೆ. ಅಲ್ಲಲ್ಲಿ ಜೀವಕೋಶಗಳು ರಕ್ತವಿಲ್ಲದೆ ಸಾಯುತ್ತವೆ. ಮುಖ ಸೊಟ್ಟಗಾಗುವುದಿಲ್ಲ, ಕೈ ಬೀಳುವುದಿಲ್ಲ. ಸದ್ದಿಲ್ಲದ ಲಕ್ವ ಅದು. ಅಂಥವು ಕೂಡುತ್ತ ಹೋದಂತೆ ಯೋಚನೆ ನಿಧಾನವಾಗುತ್ತದೆ.

ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೇಲಿನ ಬಿ.ಪಿ.ಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಡಲು ಯತ್ನಿಸಿದವರಲ್ಲಿ ಮರೆವಿನ ಆರಂಭದ ಹಂತ ಶೇ 19ರಷ್ಟು ಕಡಿಮೆ ಕಂಡಿತು. ಆದರೆ ಪೂರ್ಣ ಡಿಮೆನ್ಷಿಯಾ ತಗ್ಗಿತು ಎಂದು ಖಚಿತವಾಗಿ ಹೇಳಲಾಗಲಿಲ್ಲ. ಆ ಕೊರತೆಯನ್ನು ತುಂಬಿದ್ದು 2025ರಲ್ಲಿ ‘ನೇಚರ್ ಮೆಡಿಸಿನ್’ ಪ್ರಕಟಿಸಿದ ಚೀನಾದ ಪ್ರಯೋಗ. ನನ್ನ ಮಟ್ಟಿಗೆ ಹೊಸ ಇಂಜೆಕ್ಷನ್‌ಗಿಂತ ನಮಗೆ ಮುಖ್ಯವಾದ ಸುದ್ದಿ ಇದು. 326 ಹಳ್ಳಿಗಳು, 40 ದಾಟಿದ ಸುಮಾರು 34 ಸಾವಿರ ಜನ, ನಾಲ್ಕು ವರ್ಷ. ಚಿಕಿತ್ಸೆ ನಡೆಸಿದವರು ನರರೋಗ ತಜ್ಞರಲ್ಲ, ತರಬೇತಿ ಪಡೆದ ಹಳ್ಳಿಯ ಆರೋಗ್ಯ ಕಾರ್ಯಕರ್ತರು. ಅವರು ಅಗ್ಗದ ಅಥವಾ ಪುಕ್ಕಟೆ ಬಿ.ಪಿ. ಮಾತ್ರೆ ಕೊಟ್ಟು, ತಪ್ಪದೆ ನುಂಗುತ್ತಾರೆಯೇ ಎಂದು ಹಿಂದೆ ಬಿದ್ದು ನೋಡಿಕೊಂಡರು. ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು.

ಇಲ್ಲಿ ಹಾಗೆ ಮಾಡಬಲ್ಲ ವ್ಯವಸ್ಥೆಯ ಬುಡ ಇದೆ. ಮನೆ ಬಾಗಿಲಿಗೆ ಬಂದು 30 ದಾಟಿದವರ ಬಿ.ಪಿ., ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆ ಕೋಲಾರದಲ್ಲಿ ಶುರುವಾಗಿ ರಾಜ್ಯಕ್ಕೆ ವಿಸ್ತರಣೆಯಾಗಿದೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಏರಿದ ಬಿ.ಪಿ. ನೋಯುವುದಿಲ್ಲ, ಸುಸ್ತು ಮಾಡುವುದಿಲ್ಲ. ತಿಂಗಳು ಮಾತ್ರೆ ನುಂಗಿ ‘ಈಗ ಆರಾಮ ಐತಿ’ ಎಂದು ನಿಲ್ಲಿಸುವವರೇ ಬಹಳ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬದ ಮಾತ್ರೆ ಊರಿನ ದವಾಖಾನೆಯ ರಿಜಿಸ್ಟರಿನಲ್ಲೇ ಉಳಿಯುತ್ತದೆ. ಇನ್ನು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರೊಟ್ಟಿ ಜೊತೆಗಿನ ಖಾರ, ಉಪ್ಪಿನಕಾಯಿ, ಸಂಜೆಯ ಮಿರ್ಚಿ ಮಂಡಕ್ಕಿ ಸೇರಿದರೆ ಆ ಚಮಚ ತುಂಬಲು ಹೊತ್ತು ಬೇಕಿಲ್ಲ.

ಕಿವಿಗೂ ನೆನಪಿಗೂ ಏನು ಸಂಬಂಧ

ಕಿವಿ ಮಂದವಾದರೆ ಮೂರು ತೊಂದರೆ ಆಗುತ್ತವೆಂದು ಊಹೆ. ಅರ್ಧಂಬರ್ಧ ಕೇಳಿಸಿದ್ದನ್ನು ಜೋಡಿಸಲು ಮಿದುಳು ಹೆಚ್ಚು ಶ್ರಮಪಡುತ್ತದೆ, ನೆನಪಿಟ್ಟುಕೊಳ್ಳಲು ಉಳಿಯುವ ಗಮನ ಕಡಿಮೆಯಾಗುತ್ತದೆ. ಧ್ವನಿಯ ಪ್ರಚೋದನೆ ಇಲ್ಲದೆ ಸಂಬಂಧಪಟ್ಟ ಭಾಗಗಳು ಸೊರಗುತ್ತವೆ. ಜೊತೆಗೆ, ಪದೇ ಪದೇ ‘ಏನಂದ್ರಿ?’ ಎನ್ನಲು ನಾಚಿ ಮನುಷ್ಯ ಕಟ್ಟೆಯ ಮಾತಿಗೆ ಹೋಗುವುದನ್ನೇ ಬಿಡುತ್ತಾನೆ. ಶ್ರವಣಯಂತ್ರ ಹಾಕಿದರೆ ಮರೆವು ತಡೆಯಬಹುದೇ? ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದ ಉತ್ತರ ಎರಡು ಬಗೆ. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸವಿಲ್ಲ; ಮೊದಲೇ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಮಾತ್ರ ಕುಸಿತದ ವೇಗ ಶೇ 48ರಷ್ಟು ತಗ್ಗಿತು. ಜಾಹೀರಾತಿನವರು ಎರಡನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ.

ನಮ್ಮಲ್ಲಿ ಕಿವಿ ಕೆಡುವುದು ವಯಸ್ಸಿನಿಂದ ಮಾತ್ರವಲ್ಲ. ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್, ತೋರಣಗಲ್ಲಿನ ಉಕ್ಕು, ಸಂಡೂರಿನ ಗಣಿ, ಊರೂರಿನ ಜಲ್ಲಿ ಕ್ರಷರ್. ಎಂಟು ಗಂಟೆಯ ಕೆಲಸಕ್ಕೆ ನಮ್ಮ ಕಾರ್ಖಾನೆ ನಿಯಮಗಳು ಒಪ್ಪುವ ಮಿತಿ 90 ಡೆಸಿಬೆಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು 85. ಐದೇ ಅಂಕ ಎನಿಸಬಹುದು, ಆದರೆ ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಕಿವಿಗೆ ಹಾಕುವ ಪ್ಲಗ್ ಕೊಟ್ಟರೂ ಮೇಸ್ತ್ರಿ ಕರೆದದ್ದು ಕೇಳಿಸದೆಂದು ಕಾರ್ಮಿಕರು ತೆಗೆದಿಡುತ್ತಾರೆ. ಕೆಟ್ಟ ಮೇಲೆ, ಬಡ ಹಿರಿಯರಿಗೆ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ, ಕನ್ನಡಕ ಉಚಿತವಾಗಿ ಸಿಗುತ್ತವೆ. ಯಂತ್ರವನ್ನು ಆಯಾ ಕಿವಿಗೆ ಹೊಂದಿಸಿ, ಬಳಸಲು ರೂಢಿ ಮಾಡಿಸುವವರು ಬೇಕು. ಶಿಬಿರದಲ್ಲಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ಟ್ರಂಕಿನ ಪಾಲಾಗುತ್ತದೆ.

ಶಾಲೆ, ಮೊಟ್ಟೆ, ಮೂರು ಭಾಷೆ

ಚಿಕ್ಕಂದಿನ ಶಾಲೆ ಎಪ್ಪತ್ತರ ಮರೆವನ್ನು ಹೇಗೆ ತಡೆಯುತ್ತದೆ? ಕಲಿಕೆ ಮಿದುಳಿನಲ್ಲಿ ನರಕೋಶಗಳ ನಡುವೆ ಹೆಚ್ಚು ಸಂಪರ್ಕ ಕಟ್ಟುತ್ತದೆ. ಮುಂದೆ ಕಾಯಿಲೆ ಒಂದಷ್ಟು ದಾರಿ ಮುಚ್ಚಿದರೂ ಬೇರೆ ದಾರಿಗಳು ಉಳಿದಿರುತ್ತವೆ. ಹಾನಿ ಅಷ್ಟೇ ಆಗಿದ್ದರೂ ಲಕ್ಷಣ ತಡವಾಗಿ ಕಾಣುತ್ತದೆ. ಶಿಕ್ಷಿತರು ಉತ್ತಮ ಆದಾಯ, ಆಹಾರ, ಚಿಕಿತ್ಸೆ ಪಡೆಯುತ್ತಾರೆ ಎಂಬುದೂ ಇದರಲ್ಲಿ ಬೆರೆತಿದೆ, ಬಿಡಿಸಿ ನೋಡುವುದು ಕಷ್ಟ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದು ಶೇ 59.56. ಜಿಲ್ಲೆಯ ಮಹಿಳೆಯರಲ್ಲಿ ಶೇ 48.73. ಅಂದು ಐವತ್ತರ ಆಸುಪಾಸಿನಲ್ಲಿದ್ದ ಆ ಹೆಣ್ಣುಮಕ್ಕಳು ಈಗ ಅರವತ್ತು ದಾಟಿದ್ದಾರೆ. ಶಾಲೆ ಅವರಿಗೆ ಕೊಡಬಹುದಾಗಿದ್ದ ರಕ್ಷಣೆ ಇಲ್ಲದೆಯೇ ಅವರು ಅಪಾಯದ ವಯಸ್ಸಿಗೆ ಕಾಲಿಟ್ಟಿದ್ದಾರೆ. ಹತ್ತಿ ಬಿಡಿಸುವ ಹೊತ್ತಿಗೆ, ಗುಳೆಯ ಹೊತ್ತಿಗೆ ಮಕ್ಕಳು ಶಾಲೆ ಬಿಡುವುದು ನಿಲ್ಲದಿದ್ದರೆ ಇದೇ ಲೆಕ್ಕ ಐವತ್ತು ವರ್ಷ ಬಿಟ್ಟು ಮತ್ತೆ ಬರುತ್ತದೆ. ಗುಳೆಯ ಇನ್ನೊಂದು ಬದಿಯೂ ಪಟ್ಟಿಯಲ್ಲಿದೆ. ದುಡಿಯುವವರೆಲ್ಲ ಹೊರಟ ಮೇಲೆ ಮನೆ ಕಾಯಲು ಉಳಿಯುವ ಮುದುಕ ಮುದುಕಿಯರ ಒಂಟಿತನ.

ಬೆಳೆಯುವ ಮಿದುಳಿಗೆ ಪಾಠದಷ್ಟೇ ಕಬ್ಬಿಣಾಂಶ, ಅಯೋಡಿನ್, ಪ್ರೋಟೀನ್ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 65.5 ಮಂದಿಗೆ ರಕ್ತಹೀನತೆ, ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರಿನಲ್ಲಿ ಈ ಮೂರೂ ಜಿಲ್ಲೆ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಚರ್ಚೆಯೆಲ್ಲ ಆಹಾರ, ಧರ್ಮದ ಸುತ್ತ ನಡೆಯಿತು. ಮೊಟ್ಟೆಯಲ್ಲಿರುವ ಬಿ12, ಕೋಲೀನ್, ಪ್ರೋಟೀನ್ ಮಿದುಳು ಬೆಳೆಯಲು ಬೇಕಾದವು ಎಂಬ ಮಾತು ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಲಿಲ್ಲ. ನೂರು ಬಾಟಲಿ ಟಾನಿಕ್ಕಿಗಿಂತ ಆ ಮೊಟ್ಟೆ ದೊಡ್ಡದು.

ಶಾಲೆ ಕಾಣದವರ ಪಾಲಿಗೆ ಒಂದು ಆಶಾದಾಯಕ ಅಂಶವೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಒಂದೇ ಚೌಕಾಸಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಬಳಸುವ ರಾಯಚೂರು ಮಾರುಕಟ್ಟೆಗೆ ಇದು ಖುಷಿಯ ಸುದ್ದಿ. ಆದರೆ ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಜನರನ್ನು ಮೊದಲಿನಿಂದ ಹಿಂಬಾಲಿಸಿ ನೋಡಿದ ಬೇರೆ ಕೆಲವು ಅಧ್ಯಯನಗಳಲ್ಲಿ ಈ ಪರಿಣಾಮ ಸಿಕ್ಕಿಲ್ಲ, ವಾದ ಇನ್ನೂ ನಡೆದಿದೆ.

ಧೂಳು ಯಾರ ಜೀವನಶೈಲಿ?

ಬಿ.ಪಿ. ಮಾತ್ರೆ ನುಂಗುವುದು, ನಡೆಯುವುದು, ಬೀಡಿ ಬಿಡುವುದು ವ್ಯಕ್ತಿಯ ಕೈಯಲ್ಲಿದೆ ಎನ್ನಬಹುದು. ಗಾಳಿ ಹಾಗಲ್ಲ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಸೇರಿ ನಾಳಗಳಲ್ಲಿ ಉರಿಯೂತ ತರುತ್ತವೆ. ಅಲ್ಲಿಂದ ಮುಂದೆ ಬಿ.ಪಿ.ಯ ಕಥೆಯೇ. ಈ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೊಗ್ರಾಂ, ನಮ್ಮ ದೇಶದ ಮಾನದಂಡ 40.

ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ, ಯರಮರಸ್‌ನಲ್ಲಿ 1,600ರದ್ದು. ಬಳ್ಳಾರಿ, ಕೊಪ್ಪಳದ ಸುತ್ತ ಸ್ಪಾಂಜ್ ಐರನ್, ಉಕ್ಕು. ಹೀಗಿದ್ದೂ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ನಾಲ್ಕು ಊರುಗಳು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳದ ಜನ ಗವಿಮಠದ ಸ್ವಾಮೀಜಿ ಮುಂದಾಳತ್ವದಲ್ಲಿ ಬೀದಿಗಿಳಿದಾಗ ಕೇಳಿದ್ದು ಕೆಮ್ಮು, ದಮ್ಮು, ಕಪ್ಪು ಬೂದಿಯ ಮಾತು. ಮಿದುಳಿನ ಮಾತನ್ನೂ ಅದಕ್ಕೆ ಸೇರಿಸಬಹುದು. ಕಾರ್ಖಾನೆ ಬೇಕೆನ್ನುವವರ ಬಳಿಯೂ ಒಂದು ವಾದವಿದೆ: ಕೆಲಸ ಬಂದರೆ ಗುಳೆ ನಿಲ್ಲುತ್ತದೆ, ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ, ಅದೂ ಮಿದುಳಿಗೆ ಒಳ್ಳೆಯದೇ. ಇವೆರಡರಲ್ಲಿ ಒಂದನ್ನೇ ಆರಿಸಬೇಕು ಎಂಬ ಸ್ಥಿತಿ ಬರುವುದು ಚಿಮಣಿಯ ಶೋಧಕ ಯಂತ್ರಗಳನ್ನು ರಾತ್ರಿ ನಿಲ್ಲಿಸಿದರೂ ಯಾರೂ ಕೇಳದಿದ್ದಾಗ. ಇನ್ನು ಅಡುಗೆಮನೆ. ಹತ್ತಿಕಟ್ಟಿಗೆಯ ಒಲೆಯ ಹೊಗೆಯಲ್ಲೂ ಇವೇ ಕಣಗಳಿವೆ, ಅದರ ಮುಂದೆ ಕೂರುವವರು ಹೆಣ್ಣುಮಕ್ಕಳು.

ಹೊಸ ಇಂಜೆಕ್ಷನ್ ಯಾರಿಗೆ

ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎರಡೂ ಮಿದುಳಿನಲ್ಲಿ ಕೂಡಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುತ್ತವೆ. ಅದು ನಿಜಕ್ಕೂ ಆಗುತ್ತದೆ, ದಶಕಗಳ ಸೋಲಿನ ನಂತರ ಇದು ವಿಜ್ಞಾನದ ಗೆಲುವೇ. ಆದರೆ ಹೋದ ನೆನಪು ಮರಳುವುದಿಲ್ಲ. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 18 ತಿಂಗಳಲ್ಲಿ ಕುಸಿತದ ವೇಗ ಶೇ 27ರಷ್ಟು ತಗ್ಗಿತು. 18 ಅಂಕಗಳ ಅಳತೆಯಲ್ಲಿ ಅದು ಅರ್ಧ ಅಂಕಕ್ಕೂ ಕಡಿಮೆ. ಮನೆಯವರ ಕಣ್ಣಿಗೆ ಆ ವ್ಯತ್ಯಾಸ ಕಾಣುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲೇ ಜಗಳವಿದೆ. ಮಿದುಳು ಬಾವು, ಸಣ್ಣ ರಕ್ತಸ್ರಾವದ ಅಪಾಯ ಬೇರೆ: ಡೊನಾನೆಮ್ಯಾಬ್ ಪಡೆದವರಲ್ಲಿ ಶೇ 24 ಮಂದಿಯ ಸ್ಕ್ಯಾನಿನಲ್ಲಿ ಬಾವು ಕಂಡಿತು, ಬಹುಪಾಲು ಲಕ್ಷಣವಿಲ್ಲದೆ, ಮೂವರ ಸಾವಿಗೆ ಔಷಧ ಕಾರಣವೆನ್ನಲಾಯಿತು. ಕೊಡುವ ಖರ್ಚಿಗೆ ತಕ್ಕ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ಔಷಧ ಮೌಲ್ಯಮಾಪನ ಸಂಸ್ಥೆ 2025ರ ಜೂನ್‌ನಲ್ಲಿ ಎರಡನ್ನೂ ಸರ್ಕಾರಿ ಆಸ್ಪತ್ರೆಗಳಿಗೆ ಬೇಡವೆಂದಿತು.

ಈ ಇಂಜೆಕ್ಷನ್‌ಗಳು ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ. ಅಮಿಲಾಯ್ಡ್ ಇದೆಯೆಂದು ವಿಶೇಷ ಸ್ಕ್ಯಾನ್ ಅಥವಾ ಬೆನ್ನುಹುರಿಯ ನೀರಿನ ಪರೀಕ್ಷೆಯಿಂದ ಮೊದಲು ಖಚಿತಪಡಿಸಬೇಕು. ಡೊನಾನೆಮ್ಯಾಬ್ ಆದರೆ ನಾಲ್ಕು ವಾರಕ್ಕೊಮ್ಮೆ ಡ್ರಿಪ್, ನಡುವೆ ಪದೇ ಪದೇ ಎಂಆರ್‌ಐ. ನಮ್ಮಲ್ಲಿ ಮರೆವಿನವರು ಆಸ್ಪತ್ರೆಗೆ ಬರುವುದು ಮನೆ ಬಿಟ್ಟು ಹೋಗಿ ಸಿಕ್ಕ ಮೇಲೆ. ಆ ಹೊತ್ತಿಗೆ ಈ ಔಷಧದ ಹಂತ ದಾಟಿರುತ್ತದೆ. ಹೊಲ ಮಾರಿ ಹೈದರಾಬಾದಿಗೆ, ಬೆಂಗಳೂರಿಗೆ ಓಡುವ ಮೊದಲು ಇಷ್ಟು ಕೇಳಿ ತಿಳಿಯಬೇಕು.

ಟಾನಿಕ್, ಆ್ಯಪ್, ಪರೀಕ್ಷೆ

ಗಿಂಕ್ಗೊ ಎಲೆಯ ಸಾರವನ್ನು 3,069 ಹಿರಿಯರಿಗೆ ಕೊಟ್ಟು ವರ್ಷಗಟ್ಟಲೆ ನೋಡಿದ ಪ್ರಯೋಗ 2008ರಲ್ಲೇ ಅದು ಡಿಮೆನ್ಷಿಯಾ ತಡೆಯದೆಂದು ತೋರಿಸಿತು, ಮಾರಾಟ ನಿಂತಿಲ್ಲ. ಬ್ರಾಹ್ಮಿಯ ವಿಷಯ ಸ್ವಲ್ಪ ಬೇರೆ. ನೀರುಬ್ರಾಹ್ಮಿಯ ಸಾರವನ್ನು ಸುಮಾರು 12 ವಾರ ಕೊಟ್ಟ ಚಿಕ್ಕ ಪ್ರಯೋಗಗಳಲ್ಲಿ ನೆನಪು ತುಸು ಸುಧಾರಿಸಿದ್ದಿದೆ, ಹೊಟ್ಟೆ ಕೆಟ್ಟದ್ದೂ ಇದೆ. ಮರೆವಿನ ಕಾಯಿಲೆ ತಡೆಯುತ್ತದೆ ಎನ್ನುವಷ್ಟು ದೊಡ್ಡ ಪುರಾವೆ ಇಲ್ಲ. ಪರೀಕ್ಷೆಗೆ ಹದಿನೈದು ದಿನ ಮೊದಲು ಬಾಟಲಿ ತರುವವರಿಗೆ ಆ ತುಸು ಲಾಭವೂ ಇಲ್ಲ. ಪೂರಕ ಆಹಾರವೆಂದು ಮಾರುವ ಡಬ್ಬಿಯನ್ನು ತಿರುಗಿಸಿ ನೋಡಿ. ಮುಂದೆ ಹೊಳೆಯುವ ಮಿದುಳಿನ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಸಾಲು. ಆಹಾರ ಸುರಕ್ಷತಾ ನಿಯಮದಂತೆ ಅದನ್ನು ಅಚ್ಚು ಹಾಕಲೇಬೇಕು.

ಮಿದುಳಿನ ಆಟಗಳ ಆ್ಯಪ್‌ಗಳದ್ದೂ ಅದೇ ಪಾಡು. ಮರೆವು ತಡೆಯುತ್ತದೆಂದು ಜಾಹೀರಾತು ಕೊಟ್ಟ ಲುಮೋಸಿಟಿ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತಿತು. ಹಾಗೆಂದು ಎಲ್ಲ ತರಬೇತಿಯೂ ವ್ಯರ್ಥವಲ್ಲ. ಆಹಾರ, ವ್ಯಾಯಾಮ, ಮಿದುಳಿನ ಕಸರತ್ತು, ಬಿ.ಪಿ. ನಿಗಾ ಎಲ್ಲವನ್ನೂ ಒಟ್ಟಿಗೆ ಮಾಡಿಸಿದ ಫಿನ್ಲೆಂಡಿನ 2015ರ ಪ್ರಯೋಗದಲ್ಲಿ, ಅಮೆರಿಕದಲ್ಲಿ 2,111 ಜನರ ಮೇಲೆ ನಡೆದ 2025ರ ಪ್ರಯೋಗದಲ್ಲಿ ಲಾಭ ಕಂಡಿದೆ. ಎರಡನೆಯದರಲ್ಲಿ ತಾವಾಗಿಯೇ ಮಾಡಿಕೊಂಡವರೂ ಸುಧಾರಿಸಿದರು, ಗುಂಪಾಗಿ, ನಿಯಮದಂತೆ ಮಾಡಿದವರು ಇನ್ನೂ ಸ್ವಲ್ಪ ಹೆಚ್ಚು.

ವಿದ್ಯಾರ್ಥಿಗಳಿಗೆ ಬೇಕಾದದ್ದು ಓದುವ ಕ್ರಮ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು, ಶೇ 81ಕ್ಕೆ ಶೇ 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಶೇ 42, ಮುಚ್ಚಿ ಬರೆದವರಿಗೆ ಶೇ 56. ನೋಟ್ಸ್ ಮತ್ತೆ ಮತ್ತೆ ಓದುವಾಗ ‘ಬರುತ್ತದೆ’ ಎನಿಸುವ ಧೈರ್ಯ ಐದು ನಿಮಿಷದ್ದು. ಪುಸ್ತಕ ಮುಚ್ಚಿ ಹೇಳಿ ನೋಡುವುದು, ಎರಡು ದಿನ, ಒಂದು ವಾರ ಬಿಟ್ಟು ಮತ್ತೆ ಹೇಳಿ ನೋಡುವುದು, ರಾತ್ರಿ ನಿದ್ದೆ ಕೆಡದಿರುವುದು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಅಪ್ಪನ ಜೊತೆ ಪಂಪ್‌ಸೆಟ್ಟಿಗೆ ಹೋಗುವ ಹುಡುಗನಿಗೆ ಈ ಕೊನೆಯ ಸಲಹೆ ಕೊಡುವುದು ಸುಲಭವಲ್ಲ.

ಕ್ಲಿನಿಕ್ಕಿನಲ್ಲಿ ಏನಾಗುತ್ತದೆ

ನಿಮ್ಹಾನ್ಸ್, ನೀತಿ ಆಯೋಗ, ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ನಂತರ ಉಳಿದ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. ಅದರ ಗಮನ ನಾಲ್ಕು ತೊಂದರೆಗಳ ಮೇಲೆ: ತಲೆನೋವು, ಫಿಟ್ಸ್, ಲಕ್ವ, ಡಿಮೆನ್ಷಿಯಾ. ಜಿಲ್ಲೆಯ ವೈದ್ಯರಿಗೇ ತರಬೇತಿ ಕೊಟ್ಟು, ನಿಮ್ಹಾನ್ಸ್ ತಜ್ಞರ ಸಲಹೆ ದೂರದಿಂದ ಒದಗಿಸುವುದು ಅದರ ರೀತಿ. ಲಕ್ವದ ವಿಷಯದಲ್ಲಿ ಇದರ ಬೆಲೆ ಹೆಚ್ಚು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ನಾಟಿ ಔಷಧದವರ ಮನೆಗೆ ಹೋಗಿ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ, ಉಳಿದ ಹಾನಿ ಮುಂದೆ ಮರೆವಾಗಿ ಬರಬಹುದು.

ಮರೆವಿನವರನ್ನು ಕರೆದೊಯ್ಯುವಾಗ ಜೊತೆಗೆ ಹೋಗಬೇಕಾದವರು ಅವರ ಜೊತೆ ದಿನವೂ ಇರುವ ಸೊಸೆ ಅಥವಾ ಮಗಳು, ಬೇರೆ ಊರಿಂದ ಬಂದ ಮಗನಲ್ಲ. ಯಾವಾಗ ಶುರುವಾಯಿತು, ನಿಧಾನಕ್ಕೋ ದಿಢೀರನೆಯೋ, ಎಲ್ಲಾದರೂ ಬಿದ್ದಿದ್ದರೇ ಎಂಬುದು ಅವರಿಗೆ ಗೊತ್ತು. ನುಂಗುವ ಮಾತ್ರೆಗಳೆಲ್ಲ ಚೀಲದಲ್ಲಿರಲಿ, ಮೆಡಿಕಲ್ ಶಾಪಿನಿಂದ ತಾವೇ ತಂದ ನಿದ್ದೆ ಮಾತ್ರೆಯೂ. ಕೆಲವು ಮಾತ್ರೆಗಳಿಂದಲೇ ಮಂಕು ಕವಿಯುತ್ತದೆ. ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ ರಕ್ತಪರೀಕ್ಷೆಗೆ ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಬಹುದು. ನೆನಪಿನ ಪರೀಕ್ಷೆಯಲ್ಲಿ ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಕಾಯಿಲೆ ಇಲ್ಲದೆಯೂ ಸೋಲುತ್ತಾಳೆ. ಅಂಥವರಿಗೂ ಹೊಂದುವಂತೆ ಕನ್ನಡ, ತೆಲುಗು ಸೇರಿ ಐದು ಭಾಷೆಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪರೀಕ್ಷೆಗಳನ್ನು ರೂಪಿಸಿದೆ, ಅದನ್ನೇ ಬಳಸಿ ಎನ್ನಬಹುದು. ಅದಕ್ಕೂ ಮೊದಲು ಕಿವಿಯ ಗುಗ್ಗೆ ತೆಗೆಸಿ, ಕನ್ನಡಕ ಇದ್ದರೆ ಹಾಕಿಸಿ ಕೂರಿಸಬೇಕು. ವೈದ್ಯರ ಪ್ರಶ್ನೆಯೇ ಕೇಳಿಸದಿದ್ದರೆ ಉತ್ತರ ತಪ್ಪಿದ್ದನ್ನು ಮರೆವೆಂದು ಬರೆದುಕೊಳ್ಳುತ್ತಾರೆ.